ಅಂಕ ಹಾಕದ ತೀರ್ಪುಗಾರ

ನಮ್ಮ ಕಡೆ ಭಾಷಣ ಸ್ಪರ್ಧೆಯಲ್ಲಿ ಕೊನೆಯ ಭಾಷಣ ತೀರ್ಪುಗಾರರದೇ. "ಫಲಿತಾಂಶಕ್ಕೆ ಮುನ್ನ ಎರಡು ಮಾತು" ಎಂದು ಎದ್ದವರು ಇಪ್ಪತ್ತು ನಿಮಿಷ ಕೊರೆಯುತ್ತಾರೆ. ಅವರಿಗೆ ಗಂಟೆ ಬಾರಿಸುವ ಧೈರ್ಯ ಯಾರಿಗಿದೆ? ಅದೇ ಗತ್ತಿನ ಆಸೆಯಲ್ಲಿ, ಷಿಕಾಗೋದ ಓಹೇರ್ ನಿಲ್ದಾಣದ ವಿಮಾನಗಳ ಸದ್ದು ಕೇಳುವ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ಭಾಷಣ ಕಲಿಸುವ ಕ್ಲಬ್ಬುಗಳ ಒಂದು ಟೋಸ್ಟ್‌ಮಾಸ್ಟರ್ಸ್ ಸ್ಪರ್ಧೆಗೆ ಮುಖ್ಯ ತೀರ್ಪುಗಾರನಾಗಲು ಒಪ್ಪಿದೆ. ಹೋದ ಮೇಲೆ ತಿಳಿಯಿತು: ಆ ಹುದ್ದೆಯವನು ಅಂಕ ಹಾಕುವಂತಿಲ್ಲ, ಮತ ಕೊಡುವಂತಿಲ್ಲ.

ರಾಲ್ಫ್ ಸ್ಮೆಡ್ಲಿ 1905ರಲ್ಲಿ ಇದೇ ಇಲಿನಾಯ್‌ನ ಬ್ಲೂಮಿಂಗ್ಟನ್ನಿನಲ್ಲಿ ಮೊದಲು ಹೂಡಿದ ಆಟ ಇದು. ಚರಿತ್ರೆ ಎಲ್ಲರಿಗೂ ಗೊತ್ತು, ಬಿಡಿ. ನನ್ನ ತಕರಾರು ಇವರ ಅಂಕಪಟ್ಟಿಯ ಬಗ್ಗೆ. ವಿಷಯಕ್ಕೆ 50, ಮಂಡನೆಗೆ 30, ಭಾಷೆಗೆ 20. "ಎಷ್ಟು ಶಾಸ್ತ್ರೀಯ ನೋಡಿ, ನಮ್ಮ ಕೂಟದಲ್ಲೂ ಹೀಗೇ ಮಾಡಬೇಕು" ಎಂದು ಗೆಳೆಯರು ಕೊಂಡಾಡುತ್ತಾರೆ. ಆದರೆ ಆ ನೂರರಲ್ಲಿ ಒಂದು ಅಂಕವೂ ಎಣಿಕೆಯ ಮೇಜಿಗೆ ಬರುವುದಿಲ್ಲ. ಪ್ರತಿ ತೀರ್ಪುಗಾರರ ಚೀಟಿಯಲ್ಲಿ ಬರುವುದು ಮೂರು ಹೆಸರು: ಮೊದಲನೆಯದಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಮೊದಲಿಗನಿಗೂ ಎರಡನೆಯವನಿಗೂ ಒಂದಂಕದ ಅಂತರವಿದ್ದರೂ ಮೂವತ್ತರದಿದ್ದರೂ ಚೀಟಿಗೆ ಎಲ್ಲ ಒಂದೇ.

ಲೆಕ್ಕ ಹಾಕಿ. ತೀರ್ಪುಗಾರರು ಐವರು. ಒಬ್ಬಾಕೆಗೆ ಮೂವರು ಮೊದಲ ಸ್ಥಾನ ಕೊಟ್ಟರು, ಇಬ್ಬರು ಏನೂ ಕೊಡಲಿಲ್ಲ: 9. ಇನ್ನೊಬ್ಬನನ್ನು ಐವರೂ ಎರಡನೆಯವನೆಂದರು: 10. ಗೆದ್ದವನು ಅವನೇ, ಯಾರ ಮೊದಲ ಆಯ್ಕೆಯೂ ಅಲ್ಲದವನು! ಐವರಲ್ಲಿ ಮೂವರನ್ನು ಅಲುಗಾಡಿಸಿದ ಮಾತಿಗಿಂತ ಯಾರನ್ನೂ ಕೆಣಕದ ಮಾತು ಮೇಲಾಯಿತು. ನಯವಾದ, ನಡುಮಟ್ಟದ, ಕೊನೆಗೊಂದು ಕಣ್ಣೀರಿನ ಕಥೆ ಜೋಡಿಸಿದ ಭಾಷಣಗಳು ಈ ವೇದಿಕೆಗಳಲ್ಲಿ ಯಾಕಿಷ್ಟು ಬೆಳೆದಿವೆ ಎಂಬುದಕ್ಕೆ ಈ ಒಂದಂಕದಲ್ಲಿ ಸ್ವಲ್ಪ ಉತ್ತರವಿದೆ.

ಹಾಗಾದರೆ ಅಂಕ ಕೂಡುವ ನಮ್ಮ ಪದ್ಧತಿಯೇ ಸರಿ ಎನ್ನುವವರ ಜೊತೆಗೂ ನನಗೆ ಜಗಳವಿದೆ. ಅಂಕಗಳನ್ನು ಕೂಡುವ ಕಡೆ ನಡೆಯುವ ಚಮತ್ಕಾರ ಕಾಲೇಜು ಚರ್ಚಾಸ್ಪರ್ಧೆ ಕಂಡವರಿಗೆ ಗೊತ್ತು. ಇಬ್ಬರು 60ರಿಂದ 65ರೊಳಗೆ ಮರ್ಯಾದೆಯಿಂದ ಅಂಕ ಹಾಕುತ್ತಾರೆ. ಮೂರನೆಯವರು ತಮ್ಮ ಹುಡುಗನಿಗೆ 90, ಎದುರಾಳಿಗೆ 20 ಹಾಕಿ ಪಾರಿತೋಷಕವನ್ನು ತಾವೊಬ್ಬರೇ ಹಂಚಿಬಿಡುತ್ತಾರೆ. ಚೀಟಿ ಪದ್ಧತಿ ಆ ಕೈಯನ್ನಾದರೂ ಕಟ್ಟಿಹಾಕುತ್ತದೆ.

ಇನ್ನು "ಅಂಕ ಹಾಕದವನು ತೀರ್ಪುಗಾರನೋ ಗುಮಾಸ್ತನೋ" ಎಂಬ ಮೂದಲಿಕೆ. ಆಗಲಿ, ಗುಮಾಸ್ತನೇ. ಭಾಷಣಕ್ಕೆ ಐದರಿಂದ ಏಳು ನಿಮಿಷ; ಏಳೂವರೆ ದಾಟಿದರೆ ಸ್ಪರ್ಧೆಯಿಂದಲೇ ಹೊರಗೆ. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿದ ಭಾಷಣವನ್ನು ಮೂರು ಸೆಕೆಂಡಿಗಾಗಿ ಪಟ್ಟಿಯಿಂದ ತೆಗೆಯುವವನು ಈ ಗುಮಾಸ್ತ. ಆಕ್ಷೇಪವೂ ಅಷ್ಟೇ: ಸ್ಪರ್ಧಿಗಳು, ತೀರ್ಪುಗಾರರು ಮಾತ್ರ ಎತ್ತಬಹುದು, ಅದೂ ಫಲಿತಾಂಶಕ್ಕೆ ಮುಂಚೆ. "ನಮ್ಮ ಹುಡುಗಿಗೆ ಅನ್ಯಾಯವಾಯ್ತು ಸಾರ್" ಎಂದು ವೇದಿಕೆಯ ಹಿಂದೆ ಬರುವ ದೊಡ್ಡವರಿಗೆ ಇಲ್ಲಿ ಬಾಗಿಲಿಲ್ಲ. ನಮ್ಮ ಕೂಟಗಳು ಎರವಲು ತರುವುದಾದರೆ ತರಬೇಕಾದ್ದು ಈ ಹುದ್ದೆಯನ್ನು, ಆ ಅಂಕಪಟ್ಟಿಯನ್ನಲ್ಲ.

ಸಮಬಲವಾದರೆ ಮಾತ್ರ ಲೆಕ್ಕಕ್ಕೆ ಬರುವ ಗುಟ್ಟಿನ ತೀರ್ಪುಗಾರರೊಬ್ಬರಿರುತ್ತಾರೆ. ಉಳಿದವರಂತೆ ಮೂವರಲ್ಲ, ಸ್ಪರ್ಧಿಗಳೆಲ್ಲರನ್ನೂ ಅವರು ಕ್ರಮವಾಗಿ ಬರೆದು ಚೀಟಿಯನ್ನು ನೇರ ನನಗೇ ಕೊಡುತ್ತಾರೆ. ಅಂದು ಸಮಬಲವಾಗಲಿಲ್ಲ. ಆ ಕೋಣೆಯಲ್ಲಿ ಬರೆದ ಅತ್ಯಂತ ಪೂರ್ಣ ತೀರ್ಪನ್ನು ನಾನು ಬಿಚ್ಚಿಯೂ ನೋಡದೆ ಹರಿದು ಕಸದ ಬುಟ್ಟಿಗೆ ಹಾಕಿದೆ.