ಕಂಬಾರರ ಚಿತ್ರಕಥೆಯಲ್ಲಿ ಹಾಡಿನ ಹೊಣೆ

ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರನ್ನು ಕವಿಯಾಗಿ, ನಾಟಕಕಾರರಾಗಿ ವಿಸ್ತಾರವಾಗಿ ಚರ್ಚಿಸಿರುವ ಕನ್ನಡ ವಿಮರ್ಶೆ, ಚಿತ್ರಕಥೆಗಾರರಾಗಿ, ಎಂದರೆ ಕಥೆಯನ್ನು ದೃಶ್ಯಗಳ ಸರಣಿಯಾಗಿ ಕಟ್ಟುವವರಾಗಿ, ಅವರನ್ನು ಗಮನಿಸಿದ್ದು ತೀರ ಕಡಿಮೆ. ಈ ಸೀಮೆಯ ಬರಹ ತೆರೆಗೆ ಹೋದದ್ದು ಅವರಿಂದಲೇ ಮೊದಲಲ್ಲ. ಗೋಕಾಕದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ (1962), ‘ಕುಲವಧು’ (1963) ಆಗಲೇ ಬಂದಿದ್ದವು. ಪುರಾಣಿಕರ ಕಥೆಗಳು ಬೇರೆಯವರ ಕೈಯಲ್ಲಿ ಚಿತ್ರಗಳಾದರೆ, ‘ಕರಿಮಾಯಿ’, ‘ಕಾಡುಕುದುರೆ’, ‘ಸಂಗೀತಾ’ ಚಿತ್ರಗಳನ್ನು ಕಂಬಾರರು ತಾವೇ ನಿರ್ದೇಶಿಸಿದ್ದರಿಂದ ಅವುಗಳ ಗುಣದೋಷಗಳೆರಡೂ ಅವರ ಕಥನಕ್ರಮದಿಂದಲೇ ಹುಟ್ಟಿದವು.

ಆ ಕ್ರಮದ ಬೇರು ಬಯಲಾಟದಲ್ಲಿದೆ. ಇಂದಿನ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣನಿಂದ ಹೆಸರಾದ ‘ಶ್ರೀಕೃಷ್ಣ ಪಾರಿಜಾತ’ದಂಥ ಆಟಗಳಲ್ಲಿ ಅರಮನೆಯಾಗಲಿ ಹೂದೋಟವಾಗಲಿ ರಂಗದ ಮೇಲೆ ಇರುವುದಿಲ್ಲ, ಭಾಗವತನ ಪದ ಮತ್ತು ಅದನ್ನು ಎತ್ತಿ ಹಾಡುವ ಹಿಮ್ಮೇಳ ಸೇರಿ ಅವನ್ನು ಕೇಳುವವರ ಮನಸ್ಸಿನಲ್ಲಿ ಕಟ್ಟುತ್ತವೆ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡಿದ್ದ ಕಂಬಾರರಿಗೆ ಇದು ಓದಿ ಕಲಿತ ತಂತ್ರವಾಗಿರದೆ ಊರಿನಿಂದ ಬಂದ ಕಿವಿಯಾಗಿತ್ತು.

‘ಕಾಡುಕುದುರೆ’ಯ ಶೀರ್ಷಿಕೆಗೀತೆಯಲ್ಲಿ ಈ ಕಿವಿಯ ಬಲ ಸ್ಪಷ್ಟವಾಗಿ ಕೇಳಿಸುತ್ತದೆ. ಗಾಯಕ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರೀಯ ಪ್ರಶಸ್ತಿ ತಂದ ಈ ಹಾಡಿನಲ್ಲಿ ಕುದುರೆಯ ಬಣ್ಣನೆಗಿಂತ ಅದರ ಓಟವೇ ಮುಖ್ಯವಾಗಿದ್ದು, ಪದಗಳು ಒಂದನ್ನೊಂದು ದಬ್ಬಿಕೊಂಡು ಬರುವ ವೇಗದಲ್ಲಿ ಗೊರಸಿನ ಸಪ್ಪಳವಿದೆ, ಸಾಲಿನ ಕೊನೆಯಲ್ಲಿ ಎಳೆದು ನಿಲ್ಲುವ ಸ್ವರದಲ್ಲಿ ಬಯಲಿನ ಹರವಿದೆ. ಕ್ಯಾಮೆರಾ ಮಾಡಬೇಕಾದ ಕೆಲಸವನ್ನು ಹಾಡು ಇಷ್ಟು ಪೂರ್ಣವಾಗಿ ಮಾಡಿದ ಮೇಲೆ ತೆರೆಯ ಮೇಲೆ ಯಾವ ಕುದುರೆ ಓಡಿದರೂ ಅದು ಕೇಳಿದ ಕುದುರೆಗಿಂತ ಚಿಕ್ಕದಾಗಿಯೇ ಕಾಣುತ್ತದೆ. ಕಂಬಾರರ ಸಿನಿಮಾದ ನಿಜವಾದ ತೊಡಕು ಇದು. ಅವರ ಮಾತು ತಾನೇ ದೃಶ್ಯವಾಗಿರುವುದರಿಂದ ಕ್ಯಾಮೆರಾಕ್ಕೆ ಉಳಿಯುವುದು ಅನುವಾದದ ಕೆಲಸವಷ್ಟೇ.

ನಿರ್ದೇಶಕ ಟಿ. ಎಸ್. ನಾಗಾಭರಣರು ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ‘ಸಿಂಗಾರೆವ್ವ’ ಎಂಬ ಚಿತ್ರವಾಗಿಸಿದಾಗಲೂ ಇದೇ ತೊಡಕು ಬೇರೊಂದು ರೂಪದಲ್ಲಿ ಎದುರಾಯಿತು. ನಿರೂಪಕಿ ಶೀನಿಂಗವ್ವ ಹೇಳುತ್ತ ಹೋದಂತೆ ಬೆಳೆಯುವ ಕಾದಂಬರಿಯ ಅರಮನೆ ಅರ್ಧ ಕಂಡದ್ದು, ಅರ್ಧ ಊರ ಮಾತಿನಿಂದ ಹುಟ್ಟಿದ್ದು. ತೆರೆಯ ಅರಮನೆಗಾದರೋ ಗೋಡೆ, ಕಂಬ, ಬಾಗಿಲುಗಳು ಇರಲೇಬೇಕಾಗುತ್ತದೆ. ಅಭಿನಯ ಎಷ್ಟೇ ಗಟ್ಟಿಯಾಗಿದ್ದರೂ ಹೇಳುವವಳ ಬಾಯಿಯ ಅನುಮಾನ, ಅಚ್ಚರಿ, ಮಮತೆಗಳನ್ನು ಆ ಗೋಡೆಗಳು ಹಿಡಿದಿಡಲಾರವು. ಹೀಗಾಗಿ ಕಂಬಾರರ ಚಿತ್ರಗಳನ್ನು ಛಾಯಾಗ್ರಹಣದ ಅಳತೆಗೋಲಿನಿಂದ ಅಳೆಯುವ ಮೊದಲು ಅವುಗಳ ಧ್ವನಿಪಥವನ್ನು, ಅಂದರೆ ಮಾತು, ಹಾಡು, ಮೇಳಗಳ ಹೆಣಿಗೆಯನ್ನು, ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ಅವರ ಚಿತ್ರಕಥೆಯ ನಿಜವಾದ ರಚನೆ ಇರುವುದು ಅಲ್ಲಿಯೇ.