ಐದು ಪೋರ್ಟಿನ ಪೆಟ್ಟಿಗೆ, ತುಂಡಾಗದ ಆಲಾಪನೆ

ತೋಡಿ ರಾಗದ ಆಲಾಪನೆ ಮಂದ್ರದಿಂದ ನಿಧಾನವಾಗಿ ಏರಿ ತಾರಷಡ್ಜದ ಹೊಸ್ತಿಲಿಗೆ ಬಂದು ನಿಂತಿದೆ. ಅಷ್ಟರಲ್ಲಿ ಸದ್ದು ಕಡಿದುಹೋಗುತ್ತದೆ. ಫೋನಿನ ಮೇಲೆ ಬಿಳಿ ಉಂಗುರವೊಂದು ಗಿರಗಿರ ಸುತ್ತುತ್ತದೆ. ಐದಾರು ಸೆಕೆಂಡಿಗೆ ಹಾಡು ವಾಪಸ್ ಬರುತ್ತದೆ, ಆದರೆ ಹತ್ತು ನಿಮಿಷ ಗಾಯಕರು ಕಟ್ಟಿಕೊಂಡು ಬಂದದ್ದು ಕೇಳುವವರ ಪಾಲಿಗೆ ಕುಸಿದಿರುತ್ತದೆ. ಸಿನಿಮಾ ಹಾಡಾದರೆ ಪಲ್ಲವಿ ಮತ್ತೆ ಬರುತ್ತದೆ. ಆಲಾಪನೆಯಲ್ಲಿ ಹಾಗೆ ಮರಳಿ ಬರುವ ಸಾಲಿಲ್ಲ.

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಜಯನಗರದ, ಬನಶಂಕರಿಯ ಹಳೆಯ ಮನೆಗಳಲ್ಲಿ ಫೈಬರ್ ಹಾಕಲು ಬಂದ ಹುಡುಗರು ರೂಟರನ್ನು ಬೀದಿ ಕಡೆಯ ಹಾಲ್‌ನಲ್ಲಿ, ಟಿವಿ ಪಕ್ಕ ಕೂರಿಸಿ ಹೋಗಿರುತ್ತಾರೆ. ಹಾಡು ಕೇಳುವ ಕೋಣೆ ಹಿತ್ತಲ ಕಡೆ. ನಡುವೆ ಒಂಬತ್ತಿಂಚಿನ ಎರಡು ಇಟ್ಟಿಗೆ ಗೋಡೆ, ಒಂದು ಉಕ್ಕಿನ ಬೀರು. ಬಿಟಿಎಂ ಲೇಔಟಿನಲ್ಲಿ ಗೋಡೆಗಿಂತ ನೆರೆಹೊರೆಯದೇ ತೊಂದರೆ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಪಿಜಿಗಳು ಸಾಲಾಗಿ ನಿಂತ ಬೀದಿಯಲ್ಲಿ ಆ ಮೂರನ್ನೇ ಹತ್ತಾರು ರೂಟರುಗಳು ಹಂಚಿಕೊಳ್ಳಬೇಕು. ರಾತ್ರಿ ಒಂಬತ್ತರ ನಂತರ, ಅಂದರೆ ಮನೆಯವರು ಕೂತು ಕಚೇರಿ ಕೇಳುವ ಹೊತ್ತಿಗೇ, ನೂಕುನುಗ್ಗಲು.

ಇದಕ್ಕೆ ಸಂಗೀತಪ್ರಿಯರು ಕಂಡುಕೊಂಡ ದಾರಿ ಸರಳ. ರೂಟರಿನಿಂದ ಹಾಡಿನ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಯುವುದು, ಅಲ್ಲಿ ಐದು ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್ ಇಟ್ಟು, ಇಂಟರ್ನೆಟ್ಟಿನ ಹಾಡು ನುಡಿಸುವ ಸ್ಟ್ರೀಮರ್, ಹಾಡುಗಳ ಹಾರ್ಡ್ ಡಿಸ್ಕ್ ಇರುವ ನ್ಯಾಸ್ ಮತ್ತು ಟಿವಿಯನ್ನು ಅದಕ್ಕೆ ಜೋಡಿಸುವುದು. ಹಾಗೆ ಜೋಡಿಸಿದವರು ಎರಡು ಮಾತು ಹೇಳುತ್ತಾರೆ. ಹಾಡು ನಿಲ್ಲುವುದು ತಪ್ಪಿತು ಎನ್ನುವುದು ಒಂದು. ನಾದವೇ ಬದಲಾಯಿತು, ವೀಣೆಯ ತಂತಿ ಇನ್ನಷ್ಟು ಹತ್ತಿರ ಬಂತು ಎನ್ನುವುದು ಇನ್ನೊಂದು. ಮೊದಲನೆಯದು ಪೂರ್ತಿ ನಿಜ. ಎರಡನೆಯದನ್ನು ನಂಬಿ ಜನ ಸಾವಿರಗಳಲ್ಲಿ, ಕೆಲವರು ಲಕ್ಷದ ಲೆಕ್ಕದಲ್ಲಿ ಖರ್ಚು ಮಾಡುತ್ತಿರುವುದರಿಂದ ಅದನ್ನು ಕೂಲಂಕಷವಾಗಿ ನೋಡಬೇಕು.

ಅದಕ್ಕೂ ಮೊದಲು ಒಂದು ಮಾತು: ಸ್ವಿಚ್ ಎಂಬ ಈ ಪೆಟ್ಟಿಗೆಯ ಚರಿತ್ರೆಯಲ್ಲಿ ಕನ್ನಡ ಕಿವಿಗೆ ಹಿತವಾದ ಒಂದು ಹೆಸರಿದೆ. ಈಥರ್‌ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ. ಆಗ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತಿತ್ತು. ಪ್ರತಿ ಯಂತ್ರಕ್ಕೂ ಬೇರೆ ದಾರಿ ಮಾಡಿಕೊಟ್ಟ ಮೊದಲ ಈಥರ್‌ನೆಟ್ ಸ್ವಿಚ್ಚನ್ನು 1990ರ ಹೊತ್ತಿಗೆ ಮಾರುಕಟ್ಟೆಗೆ ತಂದದ್ದು ವಿನೋದ್ ಭಾರದ್ವಾಜ್ ಅವರೂ ಸೇರಿ ಕಟ್ಟಿದ ‘ಕಲ್ಪನ’ ಎಂಬ ಕಂಪನಿ. ಅದರಲ್ಲಿದ್ದದ್ದು ಏಳು ಪೋರ್ಟು. 1994ರಲ್ಲಿ ಸಿಸ್ಕೊ ಆ ಕಂಪನಿಯನ್ನು ಕೊಂಡುಕೊಂಡಿತು. ಕಲ್ಪನಾಸ್ವರ ಕೇಳುತ್ತ ಕೂತವರಿಗೆ ಈ ಹೆಸರು ನೆನಪಿರಲಿ.

ಈಗ ಲೆಕ್ಕಕ್ಕೆ ಬರೋಣ. ಸಿ.ಡಿ. ಗುಣಮಟ್ಟದ ಸಂಗೀತ ಸೆಕೆಂಡಿಗೆ 1.4 ಮೆಗಾಬಿಟ್. ಅದಕ್ಕಿಂತ ಬಹಳ ಸೂಕ್ಷ್ಮವಾದ 24 ಬಿಟ್, 192 ಕಿಲೋಹರ್ಟ್ಸ್ ಧ್ವನಿಮುದ್ರಣಕ್ಕೂ 9.2 ಮೆಗಾಬಿಟ್ ಸಾಕು. ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಗಿಗಾಬಿಟ್ ಸ್ವಿಚ್ಚು ಸಾವಿರ ಮೆಗಾಬಿಟ್ ಹೊರುತ್ತದೆ. ಐದು ನಿಮಿಷದ ಸಿ.ಡಿ. ಹಾಡೊಂದು ಇಡಿಯಾಗಿ ಅದರೊಳಗಿಂದ ದಾಟಲು ಅರ್ಧ ಸೆಕೆಂಡೂ ಬೇಡ. ದಾಟುವಾಗ ಪ್ರತಿ ಪ್ಯಾಕೆಟ್ಟಿಗೂ ತಾಳೆ ನೋಡುವ ಲೆಕ್ಕ ಅಂಟಿಕೊಂಡಿರುತ್ತದೆ. ತಾಳೆಯಾಗದ ಪ್ಯಾಕೆಟ್ಟನ್ನು ಎಸೆದು ಮತ್ತೆ ತರಿಸಿಕೊಳ್ಳಲಾಗುತ್ತದೆ. ಹಾಗಾಗಿ ಸ್ವಿಚ್ಚಿನಲ್ಲಿ ಸ್ವರ ಸ್ವಲ್ಪ ಮಸುಕಾಗುವುದು, ಸ್ವಲ್ಪ ಹೊಳೆಯುವುದು ಎಂಬುದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಬಾರದಿದ್ದರೆ ಹಾಡು ನಿಲ್ಲುತ್ತದೆ.

ಬಿಟ್‌ಗಳು ಬರುವ ಸಮಯ ಏರುಪೇರಾದರೆ ನಾದ ಕೆಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬನಶಂಕರಿಯ ಮನೆಗಳಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಅದೂ ಒಮ್ಮೆ ಜೋರು, ಒಮ್ಮೆ ಸಣ್ಣ. ಅದು ಸಂಪಿಗೆ ಬಿದ್ದು, ಮೇಲಿನ ಟ್ಯಾಂಕಿಗೆ ಏರಿದ ಮೇಲೆ ಬಚ್ಚಲ ನಲ್ಲಿಯಲ್ಲಿ ಒಂದೇ ಸಮ ಸುರಿಯುತ್ತದೆ. ಸ್ಟ್ರೀಮರ್‌ನ ಬಫರ್ ಎಂದರೆ ಆ ಟ್ಯಾಂಕು. ಬಿಟ್‌ಗಳನ್ನು ಸ್ವರವಾಗಿಸುವ ಡ್ಯಾಕ್ ತನ್ನ ಬಳಿಯ ಗಡಿಯಾರದ ತಾಳಕ್ಕೆ ಟ್ಯಾಂಕಿನಿಂದ ತೆಗೆದುಕೊಳ್ಳುತ್ತದೆ. ಬೀದಿಯ ಪೈಪಿನಲ್ಲಿ ನೀರು ಯಾವ ಲಯದಲ್ಲಿ ಬಂತು ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ. ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು: ಹಾಡು ನಡೆಯುತ್ತಿರುವಾಗ ಲ್ಯಾನ್ ಕೇಬಲ್ಲನ್ನು ಕಿತ್ತುಬಿಡಿ. ಹಲವು ಸ್ಟ್ರೀಮರ್‌ಗಳಲ್ಲಿ ಹಾಡು ಇನ್ನೂ ಹಲವು ಸೆಕೆಂಡು, ಕೆಲವದರಲ್ಲಿ ಮುಗಿಯುವವರೆಗೂ, ನಡೆಯುತ್ತದೆ. ಸ್ವಿಚ್ಚು ನಾದವನ್ನು ತಿದ್ದುತ್ತಿದ್ದರೆ ಕೇಬಲ್ ಕಳಚಿದ ಕ್ಷಣದಲ್ಲಿ ನಾದ ಬದಲಾಗಬೇಕಿತ್ತು.

ಸಂಗೀತಕ್ಕೆಂದೇ ಮಾಡಿದ ದುಬಾರಿ ಸ್ವಿಚ್ಚುಗಳಲ್ಲಿ ಅಮೆರಿಕದ ಅಪ್‌ಟೋನ್ ಆಡಿಯೊ ಕಂಪನಿಯ ಈಥರ್‌ರೀಜೆನ್ ಬಹಳ ಹೆಸರು ಮಾಡಿತು. ಆಗ ಅದರ ಬೆಲೆ 640 ಡಾಲರ್ ಇತ್ತು. ಆಡಿಯೊ ಉಪಕರಣಗಳನ್ನು ಅಳೆದು ವಿಮರ್ಶಿಸುವ ಅಮೀರ್ ಮಜಿದಿಮೆಹರ್ ಅದನ್ನು ಪ್ರಯೋಗದ ಮೇಜಿಗೆ ತಂದು, ಸ್ವಿಚ್ಚು ಇದ್ದಾಗ ಮತ್ತು ಇಲ್ಲದಾಗ ಡ್ಯಾಕ್‌ನಿಂದ ಹೊರಬರುವ ಸಂಕೇತವನ್ನು ಅಳೆದರು. ಅವರಿಗೆ ವ್ಯತ್ಯಾಸ ಸಿಗಲಿಲ್ಲ. ಆದರೂ ಈ ತಯಾರಕರ ವಾದದಲ್ಲಿ ಒಂದು ಎಳೆ ನಿಜ, ಅದನ್ನು ಒಪ್ಪಿಕೊಳ್ಳಬೇಕು. ತಂತಿಯ ಮೂಲಕ ಬಿಟ್‌ಗಳ ಜೊತೆ ವಿದ್ಯುತ್ತಿನ ಗಲಾಟೆಯೂ ಪ್ರಯಾಣ ಮಾಡಬಲ್ಲದು. ಅದನ್ನು ತಡೆಯಲೆಂದೇ ಲ್ಯಾನ್ ಪೋರ್ಟಿನ ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಅವು 1500 ವೋಲ್ಟ್ ತಡೆಯಬೇಕೆಂಬುದು ನಿಯಮ. ಮಾಮೂಲಿ ಯುಟಿಪಿ ಕೇಬಲ್ ಹಾಕಿದರೆ ಆ ಬೇಲಿ ಗಟ್ಟಿಯಾಗಿ ನಿಲ್ಲುತ್ತದೆ. ಹೆಚ್ಚು ದುಡ್ಡು ಕೊಟ್ಟು ಲೋಹದ ಹೊದಿಕೆಯ ಕೇಬಲ್ ತಂದರೆ, ಆ ಹೊದಿಕೆಯೇ ಎರಡು ಉಪಕರಣಗಳ ಮೈಯನ್ನು ಬೆಸೆದು, ಸ್ಪೀಕರಿನಲ್ಲಿ ‘ಝುಂ’ ಎನ್ನುವ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ದಾರಿ ಮಾಡಿಕೊಡಬಹುದು. ಮನೆ ಸಂಗೀತಕ್ಕೆ ಅಗ್ಗದ ಕೇಬಲ್ಲೇ ಮೇಲು ಎನ್ನಬಹುದಾದ ಅಪರೂಪದ ಜಾಗ ಇದು.

ಅಗ್ಗದ್ದು ಎಂದರೆ ಕಳಪೆ ಎಂದಲ್ಲ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುವ ಕೇಬಲ್ಲನ್ನು ಕೊಳ್ಳುವ ಮೊದಲು ಬ್ಲೇಡಿನಿಂದ ಒಂದು ಎಳೆಯ ತುದಿಯನ್ನು ಮೆಲ್ಲಗೆ ಹೆರೆದು ನೋಡಬೇಕು. ಕೆಂಪು ಕಳಚಿ ಕೆಳಗೆ ಬೆಳ್ಳಗೆ ಮಿನುಗಿದರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಮಾತ್ರ. ಡಬ್ಬದ ಮೇಲೆ ‘ಕ್ಯಾಟ್ 6’ ಎಂದು ಅಚ್ಚಾಗಿದ್ದರೂ ಅದನ್ನು ಬಿಟ್ಟು ಬರಬೇಕು. ಎರಡು ಸಲ ಬಗ್ಗಿಸಿದರೆ ಮುರಿಯುವ ಆ ಎಳೆ ಗೋಡೆಯೊಳಗಿನ ಪೈಪಿಗೆ ಹೋಗಬಾರದು.

ಇದಕ್ಕಿಂತ ಹೆಚ್ಚು ಮನೆಗಳಲ್ಲಿ ಕಾಣುವ ತಪ್ಪು, ತುದಿಗೆ ಕನೆಕ್ಟರ್ ಕೂರಿಸುವ ಕ್ರಿಂಪಿಂಗ್‌ನದು. ಎಂಟು ಎಳೆಗಳು ಎರಡೆರಡಾಗಿ ಹುರಿಗೊಂಡಿರುತ್ತವೆ. ಆ ಹುರಿಯೇ ಹೊರಗಿನ ಗದ್ದಲವನ್ನು ತಡೆಯುವುದು. ಸರಿಯಾದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿಯ ಜೋಡಿ ಬಂದು ಕೂರುತ್ತದೆ. ಮನೆಯ ಲೈಟು, ಫ್ಯಾನಿನ ವೈರಿಂಗ್ ಅಚ್ಚುಕಟ್ಟಾಗಿ ಮಾಡುವ ಎಲೆಕ್ಟ್ರಿಷಿಯನ್‌ಗೆ ಇದು ವಿಚಿತ್ರವಾಗಿ ಕಂಡು, ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಎಂದು ಎರಡು ತುದಿಯಲ್ಲೂ ಸಾಲಾಗಿ ಕೂರಿಸಿಬಿಡುತ್ತಾರೆ. ಟೆಸ್ಟರ್ ಹಾಕಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತುತ್ತವೆ, ಏಕೆಂದರೆ ತಂತಿ ತುಂಡಾಗಿಲ್ಲ. ಆದರೆ ಒಂದು ಸಂಕೇತದ ಎರಡು ಎಳೆ ಬೇರೆ ಬೇರೆ ಹುರಿಗೆ ಸೇರಿಹೋಗಿರುತ್ತವೆ. ಸಂಪರ್ಕ ಬರುತ್ತದೆ, ಹೋಗುತ್ತದೆ, ವೇಗ ಕುಸಿಯುತ್ತದೆ. ಆಗ ಬೈಗುಳ ಬೀಳುವುದು ಸ್ವಿಚ್ಚಿಗೆ. ಎರಡು ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಹಾಕಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಸ್ವಿಚ್ಚು ಕೊಳ್ಳುವುದು ನೋಡಲು ಸಂಕಟವಾಗುತ್ತದೆ.

ಇನ್ನೊಂದು ಗೊಂದಲ ರೂಟರಿನ ಮೇಲೆ ರೂಟರ್ ಇಡುವುದರಿಂದ. ಅಟ್ಟದಲ್ಲಿದ್ದ ಹಳೆಯ ರೂಟರನ್ನೇ ಸ್ವಿಚ್ಚಿನಂತೆ ಬಳಸಬಹುದು, ಉಳಿತಾಯದ ಒಳ್ಳೆಯ ದಾರಿಯೇ. ಆದರೆ ಕೇಬಲ್ಲನ್ನು ಅದರ ವ್ಯಾನ್ (ಇಂಟರ್ನೆಟ್) ಪೋರ್ಟಿಗೆ ಸಿಕ್ಕಿಸಿದರೆ ಮನೆಯೊಳಗೆ ಎರಡು ಮನೆಗಳಾಗುತ್ತವೆ. ಫೋನು ಒಂದರಲ್ಲಿ, ಸ್ಟ್ರೀಮರ್ ಇನ್ನೊಂದರಲ್ಲಿ. ಏರ್‌ಪ್ಲೇ ಪಟ್ಟಿಯಲ್ಲಿ ಸ್ಟ್ರೀಮರ್‌ನ ಹೆಸರೇ ಬರುವುದಿಲ್ಲ. ಕೇಬಲ್ ಲ್ಯಾನ್ ಪೋರ್ಟಿಗೆ ಹೋಗಬೇಕು, ಹಳೆಯ ರೂಟರಿನಲ್ಲಿ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಆರಿಸಿರಬೇಕು, ಎರಡಕ್ಕೂ ಒಂದೇ ಐಪಿ ವಿಳಾಸ ಇರಬಾರದು. ಹಾಡು ಕೇಳುವುದಕ್ಕೆ, ಸೆಟ್ಟಿಂಗ್ ಬದಲಿಸಬಹುದಾದ ‘ಮ್ಯಾನೇಜ್ಡ್’ ಸ್ವಿಚ್ಚಿನ ಅಗತ್ಯವೂ ಇಲ್ಲ. ಅದರ ಸೆಟ್ಟಿಂಗ್‌ಗಳಲ್ಲಿ ಒಂದು ತಪ್ಪಿದರೂ ಉಪಕರಣಗಳು ಕೆಲವು ನಿಮಿಷ ಕಂಡು ಮಾಯವಾಗಬಹುದು.

ಕರೆಂಟಿನ ವಿಷಯದಲ್ಲಿ ಬೆಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ. ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್ ಮೂರೂ ಯುಪಿಎಸ್ ಮೇಲಿರಬೇಕು. ಎರಡಕ್ಕೆ ಕೊಟ್ಟು ಸ್ವಿಚ್ಚನ್ನು ಮರೆತರೆ ಕೊಟ್ಟದ್ದೂ ದಂಡ. ಅಡಾಪ್ಟರುಗಳ ಮೇಲೆ ಹೆಸರು ಬರೆದಿಡುವುದು ಒಳ್ಳೆಯದು. ಪಿನ್ ಒಂದೇ ಥರ ಕಂಡರೂ 5 ವೋಲ್ಟಿನ ಸ್ವಿಚ್ಚಿಗೆ ರೂಟರಿನ 12 ವೋಲ್ಟ್ ಕೊಟ್ಟರೆ ಅದು ಅಲ್ಲೇ ಸತ್ತಂತೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ, ತಾರಸಿಯ ಮೇಲೆ ಬಯಲಲ್ಲಿ ಹಾದುಬಂದ ತಾಮ್ರದ ಲ್ಯಾನ್ ಕೇಬಲ್ ಸಿಡಿಲಿನ ಹೊಡೆತವನ್ನು ಪೋರ್ಟಿನವರೆಗೂ ತರಬಲ್ಲದು. ಗಾಜಿನ ಫೈಬರ್‌ಗೆ ಆ ಭಯವಿಲ್ಲ. ಮಹಡಿಯ ಕೋಣೆಗೆ ಹೊರಗಿನಿಂದಲೇ ದಾರಿ ಎನ್ನುವವರು ತಾಮ್ರ-ಫೈಬರ್ ನಡುವೆ ಸಂಕೇತ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಹಾಕಿ ಆ ತುಂಡಿಗೆ ಫೈಬರ್ ಎಳೆಸಬಹುದು. ಎಷ್ಟೋ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ, ಕಾಂಪೌಂಡಿನ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಆಂಪ್ಲಿಫೈಯರಿನ ಗುಂಯ್ ಎನ್ನುವ ಸದ್ದಿಗೂ, ಮುಟ್ಟಿದಾಗ ಜುಮ್ಮೆನ್ನುವುದಕ್ಕೂ ಎಷ್ಟೋ ಸಲ ಮದ್ದು ಅರ್ಥಿಂಗ್ ಸರಿಪಡಿಸುವುದರಲ್ಲಿದೆ. ದುಬಾರಿ ಸ್ವಿಚ್ಚಿಗೆ ಎತ್ತಿಟ್ಟ ಹಣವನ್ನು ಅಲ್ಲಿ ಸುರಿದರೆ ಮನೆಯವರ ಜೀವಕ್ಕೂ ರಕ್ಷೆ.

ಮೂಲದ ಧ್ವನಿಮುದ್ರಣದ ಮಿತಿಯನ್ನೂ ಮರೆಯಬಾರದು. ಆಕಾಶವಾಣಿ 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭಿಸಿದ ‘ರಾಗಂ’ ಇಪ್ಪತ್ನಾಲ್ಕು ಗಂಟೆಯೂ ಶಾಸ್ತ್ರೀಯ ಸಂಗೀತ ಕೊಡುತ್ತದೆ. ಹಳೆಯ ಟೇಪುಗಳಿಂದ ಬಂದ ಕಚೇರಿಯೊಂದರಲ್ಲಿ ಸುಯ್ಯೆನ್ನುವ ಸದ್ದು ಇದ್ದರೆ ಯಾವ ಸ್ವಿಚ್ಚೂ ಅದನ್ನು ಒರೆಸುವುದಿಲ್ಲ. ಆದರೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಮೀಟು ಮುಗಿದ ಮೇಲೂ ಉಳಿಯುವ ನಾದದ ಬಾಲ ಪೂರ್ತಿ ಕರಗುವವರೆಗೆ ನಡುವೆ ಏನೂ ಕಡಿಯದಂತೆ ಅದು ನೋಡಿಕೊಳ್ಳುತ್ತದೆ. ಸಂಗೀತ ಕೇಳುವವರಿಗೆ ಇದು ಸಣ್ಣ ಉಪಕಾರವಲ್ಲ.

ಕೇಬಲ್ ಎಳೆಯುವುದರಲ್ಲಿ ದೊಡ್ಡ ತೊಡಕು ಉಳಿಯುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ. ಹೊರಗೋಡೆಯ ಮೇಲೆ ತಂತಿ ಬಿಡಲು ಸಂಘದವರು ಒಪ್ಪುವುದಿಲ್ಲ, ಗೋಡೆ ಒಡೆಯಲು ಮನೆಯವರಿಗೆ ಮನಸ್ಸಿಲ್ಲ. ಬಹಳಷ್ಟು ಫ್ಲ್ಯಾಟುಗಳಲ್ಲಿ ಹಾಲ್‌ನಿಂದ ಮಲಗುವ ಕೋಣೆಗೆ ಹಿಂದಿನ ಕಾಲದ ಟಿವಿ ಕೇಬಲ್ಲಿನ ಪೈಪು ಇದ್ದೇ ಇರುತ್ತದೆ, ಒಳಗಿನ ಕೇಬಲ್ ಉಪಯೋಗವಿಲ್ಲದೆ ಬಿದ್ದಿರುತ್ತದೆ. ಅದರ ಒಂದು ತುದಿಗೆ ಹೊಸ ಲ್ಯಾನ್ ಕೇಬಲ್ಲನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ, ಮೇಲೆ ಸ್ವಲ್ಪ ಸೋಪಿನ ನೀರು ಸವರಿ, ಒಬ್ಬರು ಹಾಲ್‌ನಲ್ಲಿ ನಿಂತು ಒಳಕ್ಕೆ ತಳ್ಳುತ್ತ ಇನ್ನೊಬ್ಬರು ಕೋಣೆಯಲ್ಲಿ ನಿಂತು ಎಳೆದರೆ ಹಳೆಯದು ಹೊರಬರುವ ದಾರಿಯಲ್ಲೇ ಹೊಸದು ಒಳಬರುತ್ತದೆ. ಕನೆಕ್ಟರ್ ಹಾಕುವುದು ಆಮೇಲೆ. ಮೊದಲೇ ಹಾಕಿದರೆ ಪೈಪಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.