ನುಡಿಸುವುದೋ, ಬಾರಿಸುವುದೋ?

ನಮ್ಮ ಸಂಗೀತ ವಿಮರ್ಶಕರಿಗೆ ಒಂದೇ ಕ್ರಿಯಾಪದ ಸಾಕಾಗಿದೆ. ವೀಣೆಯಾಗಲಿ, ತಬಲಾ ಆಗಲಿ, ಸಾರಂಗಿಯಾಗಲಿ, ಕಲಾವಿದರು ಎಲ್ಲವನ್ನೂ ‘ನುಡಿಸಿದರು’. ಭೀಮಾತೀರದ ಸೊನ್ನದ ಕಡೆ ಕಿವಿಗೊಟ್ಟರೆ ಬೇರೆ ಮಾತು: ಅಲ್ಲಿ ಪೇಟಿಯನ್ನೂ ಬಾರಿಸುತ್ತಾರೆ, ಏಕತಾರಿಯನ್ನೂ ಬಾರಿಸುತ್ತಾರೆ. ಗಂಟೆಗೂ ಕೆನ್ನೆಗೂ ಮಾತ್ರ ಬಾರಿಸಿ ಬಲ್ಲ ಬೆಂಗಳೂರು, ಮೈಸೂರುಗಳ ಕಿವಿಗೆ ಇದು ಒರಟು. ಆದ್ದರಿಂದ ಅಚ್ಚಿಗೆ ಹೋಗುವಾಗ ಆ ಮಾತು ‘ಶುದ್ಧ’ವಾಗಿಬಿಡುತ್ತದೆ. ಈ ತಿದ್ದುಪಡಿ ಅನಾವಶ್ಯಕ ಮಾತ್ರವಲ್ಲ, ಅನ್ಯಾಯವೂ ಹೌದೆಂದು ನನ್ನ ಅಭಿಪ್ರಾಯ.

‘ನುಡಿಸು’ ಚೆಲುವಾದ ಮಾತೆಂಬುದರಲ್ಲಿ ಸಂದೇಹವಿಲ್ಲ. ನುಡಿಯುವಂತೆ ಮಾಡು ಎಂದು ಅದರ ಅರ್ಥ. ಸಂಸ್ಕೃತದ ‘ವಾದ್ಯ’ವೂ ಇದೇ ಹಾದಿಯದು, ‘ವದ್’ ಎಂದರೆ ಮಾತನಾಡು. ಆದರೆ ಹೊಡೆತದ ಹಾದಿಯೇನೂ ಕೀಳಲ್ಲ. ಸಿತಾರದವರು ತೋರುಬೆರಳಿಗೆ ತೊಡುವ ತಂತಿಯ ಉಗುರಿಗೆ ‘ಮಿಜರಾಬು’ ಎಂದು ಹೆಸರು. ಅದು ಹೊಡೆ ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದದ್ದು. ದರ್ಬಾರಿನ ಸಿತಾರಕ್ಕೆ ಒಪ್ಪಿದ ಹೊಡೆತ ಭಜನೆಯ ಏಕತಾರಿಗೆ ಏಕೆ ಒಪ್ಪಬಾರದು?

ಇಷ್ಟಕ್ಕೂ ಕನ್ನಡದಲ್ಲಿ ಬೆರಳಿನ ಮಾತುಗಳಿಗೆ ಬಡತನವಿಲ್ಲ. ‘ಮೀಟು’ ಎಂಬುದನ್ನೇ ನೋಡಿ. ಬಂಡೆಯನ್ನು ಮೀಟುಗೋಲಿನಿಂದ ಎಬ್ಬಿಸುವುದಕ್ಕೂ, ತಂತಿಯನ್ನು ಬೆರಳ ತುದಿಯಿಂದ ಎತ್ತಿ ಬಿಡುವುದಕ್ಕೂ ಅದೊಂದೇ ಪದ. ಎರಡರಲ್ಲೂ ನಡೆಯುವ ಕೆಲಸವೂ ಒಂದೇ. ‘ಚಿಟಿಕೆ’ಯ ಸಂಸಾರವಂತೂ ಇನ್ನೂ ದೊಡ್ಡದು: ಬೆರಳಿನ ಚಟಕ್ಕೆಂಬ ಸದ್ದು ಚಿಟಿಕೆ, ಎರಡು ಬೆರಳ ನಡುವೆ ಹಿಡಿಸುವ ಉಪ್ಪು ಚಿಟಿಕೆ, ಭಜನೆಯವರು ಬೆರಳಲ್ಲಿ ಹಿಡಿದು ತಾಳ ಹಾಕುವ ವಾದ್ಯವೂ ಚಿಟಿಕೆ. ಶಾಸ್ತ್ರಕಾರರೂ ಬೆರಳನ್ನು ಮರೆತವರಲ್ಲ. ಅಂಗುಲಿಯ ಅಗಲವೇ ಅಂಗುಲ. ದೇವಗಿರಿಯ ಶಾರ್ಙ್ಗದೇವ 13ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಕೊಳಲುಗಳನ್ನು ವಿಂಗಡಿಸಿದ್ದೇ ಈ ಅಳತೆಯಿಂದ. ಊದುವ ರಂಧ್ರಕ್ಕೂ ಅದರ ಸಮೀಪದ ಬೆರಳಿನ ರಂಧ್ರಕ್ಕೂ ಒಂದಂಗುಲ ಅಂತರವಿದ್ದರೆ ‘ಏಕವೀರ’, ಎರಡಂಗುಲವಿದ್ದರೆ ‘ಉಮಾಪತಿ’.

ಇಷ್ಟು ಸಂಪತ್ತನ್ನು ಬದಿಗಿಟ್ಟು ‘ನುಡಿಸಿದರು’ ಎಂದಷ್ಟೇ ಬರೆದರೆ ಕಚೇರಿಗೆ ಬಾರದ ವಾಚಕನಿಗೆ ತಿಳಿಯುವುದೇನು? ಸಾರಂಗಿಯಲ್ಲಿ ಬಲಗೈ ಕಮಾನು ಎಳೆಯುತ್ತದೆ. ಎಡಗೈಯ ಬೆರಳು ಉಗುರಿನ ಬುಡದಿಂದ ತಂತಿಯನ್ನು ಒತ್ತಿ ಜಾರುತ್ತದೆ. ಎಳೆ, ಒತ್ತು, ಜಾರು: ಮೂರೂ ಮನೆಯ ಮಾತುಗಳೇ. ಆ ಮೂರರಲ್ಲಿ ಒಂದೂ ವಿಮರ್ಶೆಯಲ್ಲಿ ಬಾರದಿದ್ದರೆ ವಿಮರ್ಶಕ ಕಣ್ಣು ಮುಚ್ಚಿ ಕೇಳಿದನೆಂದೇ ಹೇಳಬೇಕು.

‘ನುಡಿಸು’ ಬೇಡವೆಂದು ನನ್ನ ವಾದವಲ್ಲ. ಅದು ಉಳಿದವನ್ನು ನುಂಗಬಾರದು, ಅಷ್ಟೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿಯೊಡನೆ ಹಾಡಿಕೊಂಡು ಬಂದ ಸೀಮೆ ಅದು. ಹಾಡನ್ನು ನಾವು ಆದರದಿಂದ ಸಂಗ್ರಹಿಸುತ್ತೇವೆ. ಹಾಡುವವನು ತನ್ನ ಕೈಕೆಲಸಕ್ಕೆ ಇಟ್ಟ ಹೆಸರನ್ನು ಮಾತ್ರ ತಿದ್ದುತ್ತೇವೆ. ಅವನು ಬಾರಿಸಿದೆನೆಂದರೆ ಬಾರಿಸಿದನೆಂದೇ ಬರೆಯೋಣ.